ಮೂರು ಸೆಕೆಂಡಿನ ಹದ್ದುಬಸ್ತು

ನನ್ನ ಹೆಸರನ್ನು ನನ್ನ ಹೆಂಡತಿ ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿದಳು. ಆಗ ನಾನು ಅವಳಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ನನಗೆ ಕೇಳಿಸಲಿಲ್ಲ. ಇದನ್ನು ಕಿವುಡುತನವೆಂದು ತಿಳಿಯಬೇಡಿ. ನಾನು ಕರ್ತವ್ಯದ ಮೇಲಿದ್ದೆ. ಬಲಗಣ್ಣು ವಿಡಿಯೋ ಕ್ಯಾಮೆರಾದ ಕಿಂಡಿಯಲ್ಲಿತ್ತು, ಎಡಗಣ್ಣು ಮುಚ್ಚಿತ್ತು. ಒಂದು ಕಣ್ಣು ಮುಚ್ಚಿದವನ ಕಿವಿಗಳೂ ಅರ್ಧ ಮುಚ್ಚಿರುತ್ತವೆ ಎಂಬುದು ಬಹಳ ವರ್ಷಗಳ ಮೇಲೆ ನಾನು ಕಂಡುಕೊಂಡ ಸತ್ಯ.

ನಮ್ಮ ಕಡೆ ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ‘ಇವರು’ ಎನ್ನುತ್ತಾರೆ, ‘ನಮ್ಮನಿಯವರು’ ಎನ್ನುತ್ತಾರೆ, ಸಿಟ್ಟು ಬಂದರೆ ‘ಈ ಮನುಷ್ಯಾ’ ಎನ್ನುತ್ತಾರೆ. ಸರಕಾರಿ ನೌಕರರು ಯಾವ ಸೇವಾ ನಿಯಮವನ್ನೂ ಪಾಲಿಸದಷ್ಟು ನಿಷ್ಠೆಯಿಂದ ನೀಲವ್ವ ಈ ನಿಯಮವನ್ನು ಪಾಲಿಸಿದಳು. ಯಾರಾದರೂ ಬಂದು ಯಜಮಾನರ ಹೆಸರು ಕೇಳಿದರೆ ಬಾಗಿಲ ಪಕ್ಕದ ಫಲಕದತ್ತ ಬೆರಳು ತೋರಿಸುತ್ತಿದ್ದಳು. ನಾನು ಸರ್ವೇಯರ್, ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳ ಎಂದು ಸುತ್ತುವುದೇ ನೌಕರಿ. ಪ್ರತಿ ಹೊಸ ಬಾಡಿಗೆ ಮನೆಯಲ್ಲೂ ಒಲೆ ಹೊತ್ತುವ ಮೊದಲು ಆ ಫಲಕ ಗೋಡೆ ಏರಬೇಕಿತ್ತು. ಸಾಹೇಬರಿಗೆ ಪ್ರತಿಷ್ಠೆ ಬಹಳ ಎಂದು ನೆರೆಯವರು ಆಡಿಕೊಂಡರು. ಅದು ಸಾಹೇಬರ ಹೆಂಡತಿಯ ಅನುಕೂಲಕ್ಕಾಗಿ ಎಂದು ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ.

ಈ ನಿಷೇಧಕ್ಕೆ ಶಾಸ್ತ್ರವೇ ಒದಗಿಸಿದ ಒಂದು ರಿಯಾಯಿತಿ ಉಂಟು, ಒಡಪು. ಮದುವೆಯಲ್ಲೋ ಕುಬಸದಲ್ಲೋ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ದಿನ, ಹೆಂಗಸರು ಒಬ್ಬಳನ್ನು ಹಿಡಿದು ನಿಲ್ಲಿಸಿ, ಗಂಡನ ಹೆಸರು ಹೇಳದ ಹೊರತು ಬಿಡುವುದಿಲ್ಲವೆಂದು ಗಂಟುಬೀಳುತ್ತಾರೆ. ಅವಳು ನಾಲ್ಕು ಸಾಲು ಕಟ್ಟಿ, ಕಹಿ ಗುಳಿಗೆಯನ್ನು ಬೆಲ್ಲದಲ್ಲಿ ಅಡಗಿಸಿದ ಹಾಗೆ, ಗಂಡನನ್ನು ಅದರೊಳಗೆ ಅಡಗಿಸಿ ಹೇಳಬೇಕು. ನೀಲವ್ವ ಒಡಪಿನ ಸುಳಿವು ಸಿಕ್ಕ ಕೂಡಲೇ ಅಡುಗೆಮನೆಯಲ್ಲಿ ಸಾರು ಉಕ್ಕುತ್ತಿದೆಯೆಂದು ಮಾಯವಾಗುತ್ತಿದ್ದಳು. ಎಷ್ಟೋ ಮನೆಗಳಲ್ಲಿ ಒಲೆಯ ಮೇಲೆ ಸಾರೇ ಇರುತ್ತಿರಲಿಲ್ಲ. ಒಮ್ಮೆ ಮಾತ್ರ ಸಿಕ್ಕಿಬಿದ್ದಳು, ಯಲಬುರ್ಗಾದಲ್ಲಿ, ಸ್ವಂತ ತಂಗಿ ಸುಮಿತ್ರಾಳ ಕುಬಸದಲ್ಲಿ.

ಆಗ ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿತ್ತು. ನಾನೂ ಹೊಸದಾಗಿ ಕ್ಯಾಮೆರಾಮನ್ ಆಗಿದ್ದೆ. ಹೊಸಪೇಟೆಯ ಮದುವೆ ವಿಡಿಯೋದವರೊಬ್ಬರು ದೊಡ್ಡ ಯಂತ್ರ ಕೊಂಡು, ತಮ್ಮ ಸಣ್ಣದನ್ನು ನನಗೆ ದಾಟಿಸಿದ್ದರು. ನಮ್ಮ ಮನೆಯಲ್ಲಿ ಕುಬಸದ ಪ್ರಸಂಗ ಬರಲಿಲ್ಲ. ಹಾಗಾಗಿ ಆ ಕ್ಯಾಮೆರಾ ಊರವರ ಕುಬಸಗಳಿಗೆ ಹೋಗಿಬರುತ್ತಿತ್ತು. ನೀಲವ್ವನೂ ಹೋಗುತ್ತಿದ್ದಳು. ಇಬ್ಬರೂ ಈ ವಿಷಯ ಮಾತಾಡಲಿಲ್ಲ. ಕ್ಯಾಮೆರಾ ಹಿಡಿದವನಿಗೆ ಅದೊಂದು ಸೌಕರ್ಯ: ಎಲ್ಲಿ ನೋಡಬೇಕೆಂದು ತಿಳಿಯದಿದ್ದಾಗ ಕಿಂಡಿಯಲ್ಲಿ ನೋಡಬಹುದು.

ಯಲಬುರ್ಗಾದಿಂದ ಮರಳುವಾಗ ಬಸ್ಸಿನಲ್ಲಿ ಅವಳು ಮೆಲ್ಲಗೆ ಕೇಳಿದಳು, “ಕೇಳಿಸ್ತೇನ್ರಿ, ನಾ ಹೇಳಿದ್ದು?”

“ಟೇಪಿನಾಗ ಐತಲ್ಲ, ಎಲ್ಲಿ ಹೊಕ್ಕೈತಿ? ಸಾವಕಾಶ ನೋಡಿದ್ರಾತು” ಎಂದೆ.

ಅವಳು ಕಿಟಕಿಯಾಚೆ ನೋಡಿದಳು. ಟೇಪು ತಿಜೋರಿಯಲ್ಲಿ ಅವಳ ಸೀರೆಗಳ ಕೆಳಗೆ ಹೋಗಿ ಕುಳಿತಿತು. ಕೆಲವು ತಿಂಗಳಿಗೆ ಕ್ಯಾಮೆರಾ ಕೆಟ್ಟಿತು. ರಿಪೇರಿ ಮಾಡುವವರು ಸಿಗಲಿಲ್ಲ, ಹುಡುಕಿದ್ದೂ ಕಡಿಮೆ. ‘ಸಾವಕಾಶ’ ಎಂಬ ಶಬ್ದವನ್ನು ಯಾರು ಹುಟ್ಟಿಸಿದರೋ, ಅವರಿಗೆ ಹೆಂಡತಿ ಇರಲಿಲ್ಲವೆಂದು ನನ್ನ ಊಹೆ. ಇಪ್ಪತ್ತು ವರ್ಷ ದಾಟಿದವು. ಮೂರು ವರ್ಷದ ಹಿಂದೆ ನೀಲವ್ವ ಹೋದಳು.

ಈಗ ನನ್ನನ್ನು ಹೆಸರು ಹಿಡಿದು ಕರೆಯುವವರು ಆಸ್ಪತ್ರೆಯ ಸರದಿ ಕೂಗುವವರು ಮಾತ್ರ. ಅವರು ಅರ್ಧ ಕರೆದು ಮುಂದಿನ ಚೀಟಿಗೆ ಹೋಗುತ್ತಾರೆ. ಉಳಿದವರಿಗೆ ನಾನು ‘ಸರ್’. ಒಂದು ದಿನ ಬೆಳಿಗ್ಗೆ ಫಲಕದ ಧೂಳು ಒರೆಸುತ್ತಿದ್ದಾಗ ಅನ್ನಿಸಿತು: ಈ ಹೆಸರು ಅವಳ ಬಾಯಲ್ಲಿ ಹೇಗೆ ಕೇಳಿಸುತ್ತದೆಂದು ತಿಳಿಯದೆ ನಾನು ಸಾಯಬಾರದು. ಟೇಪು ಹುಡುಕಿ, ಬಸ್ ನಿಲ್ದಾಣದ ಹತ್ತಿರದ ಸ್ಟುಡಿಯೋ ಹುಸೇನಸಾಬರ ಬಳಿಗೆ ಒಯ್ದೆ.

ಹುಸೇನಸಾಬರು ನನ್ನದೇ ವಯಸ್ಸಿನವರು, ಹಳೆಯ ಯಂತ್ರಗಳನ್ನೆಲ್ಲ ಸಾಕಿಕೊಂಡಿದ್ದಾರೆ. ಟೇಪನ್ನು ಬೆಳಕಿಗೆ ಹಿಡಿದು, “ಬೂಷ್ಟು ಹಿಡದೈತ್ರಿ ಸರ. ಟೇಪು ಮನುಷ್ಯಾರು ಇದ್ದಂಗ, ಮಾತಾಡಿಸದ ಇಟ್ರ ಹಿಂಗ ಆಗ್ತಾವ” ಎಂದರು. ಅವರು ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟರು.

ಮನೆಗೆ ಬಂದು, ನಿವೃತ್ತಿಯಾದಾಗ ಕೊಂಡ ಕಂಪ್ಯೂಟರಿಗೆ ಚುಚ್ಚಿದೆ. ಪರದೆ ಕಪ್ಪಗಿತ್ತು, ಒಳಗಿನಿಂದ ಹೆಂಗಸರ ಗಲಾಟೆ ಮಾತ್ರ ಬಂತು. ಪುರಾಣಗಳಲ್ಲಿ ಇದಕ್ಕೆ ಅಶರೀರವಾಣಿ ಎಂದು ಹೆಸರು. ಅಲ್ಲಿ ಅದು ಕಂಸನಂಥವರಿಗೆ ಎಚ್ಚರಿಕೆ ಕೊಡಲು ಬರುತ್ತದೆ. ನನಗೆ ‘ಕೋಡೆಕ್ ಇಲ್ಲ’ ಎಂದು ಹೇಳಲು ಬಂದಿತ್ತು. ಕೋಡೆಕ್ ಎಂದರೆ ದುಭಾಷಿ. ಕ್ಯಾಮೆರಾದ ಭಾಷೆ ಕಂಪ್ಯೂಟರಿಗೆ ತಿಳಿಯದಾಗ ನಡುವೆ ನಿಂತು ತಿಳಿಹೇಳುವ ಮಧ್ಯಸ್ಥ. ಇಂಟರ್ನೆಟ್ಟಿನಿಂದ ಒಬ್ಬ ದುಭಾಷಿಯನ್ನು ಕರೆಸಿದೆ. ಅವನು ತನ್ನ ಬಳಗವನ್ನೆಲ್ಲ ಕಟ್ಟಿಕೊಂಡು ಬಂದು ಪರದೆಯ ತುಂಬ ಜಾಹೀರಾತು ಹಚ್ಚಿದ. ಎಲ್ಲರನ್ನೂ ಹೊರಹಾಕಲು ಎರಡು ದಿನ ಹಿಡಿಯಿತು.

ಹುಸೇನಸಾಬರು ಫೋನಿನಲ್ಲಿ ಬೇರೊಂದು ಉಪಾಯ ಹೇಳಿದರು. ರಸ್ತೆ ರಿಪೇರಿಯಾಗುವಲ್ಲಿ ಇಡುತ್ತಾರಲ್ಲ, ಕಿತ್ತಳೆ ಬಣ್ಣದ ಟೊಪ್ಪಿಗೆ, ಆ ಗುರುತಿನ ಪ್ಲೇಯರು. ಅದು ಏನು ಕೊಟ್ಟರೂ ತಿನ್ನುತ್ತದೆ ಎಂದರು. ನಿಜ. ಚಿತ್ರ ಮೂಡಿತು. ಆದರೆ ಯಾರಾದರೂ ಕೈ ಎತ್ತಿದರೆ ಆ ಕೈಗೆ ಬಾಚಣಿಗೆಯ ಹಾಗೆ ಹಲ್ಲು ಮೂಡುತ್ತಿದ್ದವು. ಅದಕ್ಕೊಂದು ಗುಂಡಿ ಇತ್ತು. ಒತ್ತಿ ಹಲ್ಲು ಕೀಳಿಸಿದೆ. ನೀಲವ್ವ ನಡುವೆ ನಿಂತಿದ್ದಳು, ಗಿಣಿಹಸಿರು ಸೀರೆ, ಸಾರಿನ ನೆಪ ಹುಡುಕುವ ಕಣ್ಣು. ಒಡಪು ಶುರುವಾಯಿತು. ಮೂರನೆಯ ಸಾಲಿಗೆ ಚಿತ್ರ ಗಕ್ಕನೆ ನಿಂತಿತು. ಮತ್ತೆ ಹಚ್ಚಿದರೆ ಮತ್ತೆ ಅಲ್ಲೇ. ಹೆಸರಿನ ಹೊಸ್ತಿಲವರೆಗೆ ಬಂದು ನಿಲ್ಲುವ ಆ ಹಟ ಎಷ್ಟು ಅವಳದೇ ಆಗಿತ್ತೆಂದರೆ, ನನಗೆ ಕಂಪ್ಯೂಟರಿನ ಮೇಲೆ ಸಿಟ್ಟು ಬರಲಿಲ್ಲ.

ಹುಸೇನಸಾಬರು ಟೇಪನ್ನು ಅಂಗುಲ ಅಂಗುಲ ಒರೆಸಿ ಮತ್ತೆ ಇಳಿಸಿಕೊಟ್ಟರು. ಈ ಸಲ ಎಲ್ಲಿಯೂ ನಿಲ್ಲಲಿಲ್ಲ. ಹೊಸ ರೋಗ ಒಂದೇ: ದನಿ ಮುಂದೆ, ಚಿತ್ರ ಹಿಂದೆ. ತಾಟು ಬಿದ್ದ ಸದ್ದಾಗುತ್ತಿತ್ತು; ಹೆಂಗಸರೆಲ್ಲ ಶಾಂತವಾಗಿ ನಗುತ್ತ ನಿಂತಿರುತ್ತಿದ್ದರು; ಆಮೇಲೆ ತಾಟು ಬೀಳುತ್ತಿತ್ತು. ಇರಲಿ ಎಂದು ಕಿವಿಯೊಡ್ಡಿ ಕುಳಿತೆ. ನೀಲವ್ವನ ದನಿ ಬಂತು:

ಕಿನ್ನಾಳ ಗೊಂಬಿಗಿ ಬಣ್ಣಾನ ಚಂದ,
ಹರಿಯೋ ಕಾಲಿವಿಗಿ ದಂಡೀನ ಚಂದ,
ಊರ ಹೊಲಾ ಅಳದು ಹೊತ್ತು ಮುಳುಗಿಂದ
ಮನಿಗೆ ಬರೋ

ಅಷ್ಟರಲ್ಲಿ ಯಾವನೋ ಗಂಡಸು, ಕಿವಿಯಲ್ಲೇ ಬಾಯಿಟ್ಟವನಂತೆ, ‘ಸರೀರಿ, ಸರೀರಿ, ಆ ಕಡಿ ಸರೀರಿ’ ಎಂದು ಅಬ್ಬರಿಸಿದ. ಅವನು ಮುಗಿಸುವಾಗ ನೀಲವ್ವ ‘ನಡಿಗೀನ ಚಂದ’ ಎನ್ನುತ್ತಿದ್ದಳು. ಹೆಂಗಸರು ನಕ್ಕರು.

ನನಗೆ ಬಂದ ಕೋಪವನ್ನು ಬರೆಯಲಾರೆ. ಯಾರಿವನು ಮೂರ್ಖ? ಸುಮಿತ್ರಾಳ ಮಾವನಿರಬಹುದೆಂದು ಅನುಮಾನಿಸಿದೆ. ಆತನ ದನಿ ದೊಡ್ಡದಿತ್ತು. ತೀರಿಕೊಂಡವರ ಮೇಲೆ ಅಪವಾದ ಹೊರಿಸುವ ಮುನ್ನ ವಿಚಾರಿಸುವುದು ನ್ಯಾಯವೆಂದು ಯಲಬುರ್ಗಾಕ್ಕೆ ಫೋನು ಮಾಡಿದೆ. ಸುಮಿತ್ರಾಳಿಗೆ ಆ ದಿನವೆಲ್ಲ ನೆನಪಿತ್ತು. ಒಡಪು ಹೇಳುವಾಗ ಒಳಗೆ ಯಾವ ಗಂಡಸರಿದ್ದರು ಎಂದು ಕೇಳಿದೆ.

“ಗಂಡಸರು ಯಾರು ಇರ್ತಾರ, ಮಾಮಾರ, ಕುಬಸದಾಗ? ನೀವೊಬ್ರ ಇದ್ರಿ, ಕ್ಯಾಮೆರಾ ಹಿಡ್ಕೊಂಡು.” ಆಮೇಲೆ ಅಂದಳು, “ಅಕ್ಕನ ಒಡಪು ಓಣಿ ಎಲ್ಲಾ ಕೇಳೇತಿ. ನೀವು ಕೇಳಿಲ್ಲೇನು?”

ಫೋನು ಇಟ್ಟ ಮೇಲೂ ನಾನು ಒಪ್ಪಲಿಲ್ಲ. ಸರ್ವೇಯರ್ ಬಾಯಿಮಾತನ್ನು ನಂಬುವುದಿಲ್ಲ. ಅಳೆದು ಹದ್ದುಬಸ್ತು ಮಾಡುತ್ತಾನೆ, ಅಂದರೆ ಇವರ ಹೊಲ ಎಲ್ಲಿಗೆ ಮುಗಿಯಿತು, ಅವರದು ಎಲ್ಲಿಂದ ಶುರುವಾಯಿತು ಎಂದು ಗಡಿ ಗೊತ್ತುಮಾಡುತ್ತಾನೆ. ಆ ಪ್ಲೇಯರಿನಲ್ಲಿ ಒಂದು ಕೀಲಿ ಒತ್ತಿದರೆ ದನಿ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಬಿದ್ದ ತಾಟನ್ನೇ ಗಡಿಕಲ್ಲು ಮಾಡಿಕೊಂಡು ಒತ್ತುತ್ತ ಹೋದೆ. ಅರವತ್ತನೆಯ ಸಲಕ್ಕೆ ತಾಟೂ ಅದರ ಸದ್ದೂ ಒಟ್ಟಿಗೆ ಬಿದ್ದವು. ಮೂರು ಸೆಕೆಂಡು.

ಒಡಪು ಹಚ್ಚಿದೆ. ಆರತಿ ಹಿಡಿದ ಮುದುಕಿಯೊಬ್ಬಳು ಬೆಳಕಿಗೆ ಅಡ್ಡ ಬಂದಳು. ಅಬ್ಬರ ಕೇಳಿತು. ಅವಳು ಕ್ಯಾಮೆರಾದತ್ತ ತಿರುಗಿ ನೋಡಿ, ನಾಲಿಗೆ ಕಚ್ಚಿಕೊಂಡು ಸರಿದಳು. ಕ್ಯಾಮೆರಾದ ಹಿಂದೆ ಇದ್ದವನು ಒಬ್ಬನೇ. ಜೀವಮಾನವಿಡೀ ಹೊಲಗಳಲ್ಲಿ ನಿಶಾನೆ ಕೋಲು ಹಿಡಿದವನಿಗೆ ‘ಸರೀರಿ, ಆ ಕಡಿ ಸರೀರಿ’ ಎಂದು ಕೂಗಿದವನು ಈ ನಾಲ್ಕು ತಾಲೂಕುಗಳಲ್ಲಿ ನಾನಲ್ಲದೆ ಇನ್ಯಾರು? ನಮ್ಮ ದನಿಯ ಗುರುತು ನಮಗೇ ಸಿಗದಿರುವುದು ಪ್ರಕೃತಿಯ ಕರುಣೆ. ಆ ಕರುಣೆ ಅಲ್ಲಿಗೆ ಮುಗಿಯಿತು.

ನನ್ನ ಕೂಗಿನಿಂದ ಒಂದು ಉಪಕಾರವಾಗಿದೆ ಎಂಬುದನ್ನೂ ದಾಖಲಿಸಬೇಕು. ಮುದುಕಿ ಸರಿದದ್ದರಿಂದ ನೀಲವ್ವನ ಮುಖದ ಮೇಲೆ ಪೂರ್ತಿ ಬೆಳಕು ಬಿತ್ತು. ಹೆಸರು ಹೋಯಿತು, ಹೆಸರು ಹೇಳುವ ಮುಖ ಉಳಿಯಿತು. ಅವಳು ತಲೆ ತಗ್ಗಿಸಿ ಹೇಳುತ್ತಾಳೆಂದು ನಾನು ಎಣಿಸಿದ್ದೆ. ಇಲ್ಲ, ನೇರ ಕ್ಯಾಮೆರಾವನ್ನೇ ನೋಡಿ ಹೇಳಿದ್ದಾಳೆ. ನನ್ನ ಹೆಸರು ಬಾಗಿಲ ಪಕ್ಕದ ಫಲಕದ ಮೇಲಿದೆ, ಇಲ್ಲಿ ಬೇಡ. ಈ ಕಡೆಯ ಬಹುಪಾಲು ಗಂಡಸರ ಹೆಸರಿನಂತೆ ಅದೂ ‘ಅಪ್ಪ’ ಎಂದು ಮುಗಿಯುವುದರಿಂದ, ಹೇಳುವವರ ತುಟಿಗಳು ಕೊನೆಗೆ ಒಮ್ಮೆ ಕೂಡಲೇಬೇಕು. ಕೂಡುತ್ತವೆ. ಕೂಡಿ, ಒಂದಿಷ್ಟು ನಗುತ್ತವೆ.

ಮೊನ್ನೆ ದಾರಿಯಲ್ಲಿ ಸಿಕ್ಕ ಹುಸೇನಸಾಬರು, “ದನಿ ಹೊಂದಿತೇನ್ರಿ ಸರ?” ಎಂದು ಕೇಳಿದರು.

“ಹೊಂದಿತ್ತು. ಬಿಟ್ಟೆ” ಎಂದೆ.

ಅವರು ವಿಚಿತ್ರವಾಗಿ ನೋಡಿದರು. ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಆ ಪ್ಲೇಯರು ಮರೆಗುಳಿ. ಮುಚ್ಚಿ ತೆರೆದರೆ ನಾನು ಒತ್ತಿದ ಅರವತ್ತನ್ನೂ ಮರೆತು, ದನಿಯನ್ನು ಮತ್ತೆ ಮೂರು ಸೆಕೆಂಡು ಮುಂದೆ ಬಿಡುತ್ತದೆ. ಮೊದಲೆರಡು ದಿನ ತಿದ್ದಿದೆ. ಈಗ ತಿದ್ದುವುದಿಲ್ಲ. ತಿದ್ದಿದರೆ ಅವಳು ಬಾಯಿ ತೆರೆದಾಗಲೆಲ್ಲ ನಾನು ಮೇಲೆ ಬಿದ್ದು ಕೂಗುತ್ತೇನೆ. ಹಾಗೇ ಬಿಟ್ಟರೆ ನನ್ನ ಅಬ್ಬರ ಮೊದಲೇ ಬಂದು ಮುಗಿದುಹೋಗಿರುತ್ತದೆ. ಹೆಂಗಸರೂ ನಗಲು ತೊಡಗಿರುತ್ತಾರೆ. ಆ ನಗುವಿನ ನಡುವೆ ಪರದೆಯ ಮೇಲೆ ನೀಲವ್ವ, ತುಟಿಗಳಲ್ಲೇ, ಸಾವಕಾಶವಾಗಿ, ಯಾರ ಅಡ್ಡಿಯೂ ಇಲ್ಲದೆ, ನನ್ನ ಹೆಸರು ಹೇಳುತ್ತಾಳೆ. ಎರಡು ಹೊಲಗಳ ನಡುವೆ ಬದು ಇದ್ದರೆ ಜಗಳವಿಲ್ಲ ಎಂದು ಎಷ್ಟು ರೈತರಿಗೆ ಬುದ್ಧಿ ಹೇಳಿದ್ದೇನೋ. ನಮ್ಮಿಬ್ಬರ ನಡುವೆ ಬದು ಬಿಡಲು ಇಷ್ಟು ವರ್ಷ ಹಿಡಿಯಿತು.

ಬಸ್ಸಿನಲ್ಲಿ ಅವಳು ಕೇಳಿದ ಪ್ರಶ್ನೆಗೆ ಈಗ ಉತ್ತರ ಕೊಡಬಲ್ಲೆ. ಕೇಳಿಸಲಿಲ್ಲ ನೀಲಾ. ಆದರೆ ಈ ಸಲ ನಡುವೆ ಬಾಯಿ ಹಾಕಲಿಲ್ಲ.