ತಟ್ಟಿಯ ಆಚೆಯ ಪಾಠ

ವಾನಳ್ಳಿ ಬದಿಯ ನನ್ನ ಹಳೆಯ ಶಾಲೆಯಲ್ಲಿ ಈಗ ಮಕ್ಕಳು ಹೆಚ್ಚಾಗಿದ್ದಾರೆ. ಅದರ ವಿಸ್ತರಣೆಯ ನಕ್ಷೆ ನನ್ನ ಪಾಲಿಗೆ ಬಂದಿದೆ. ಮೊನ್ನೆ ಅಳತೆಗೆ ಹೋದಾಗ, ಮೂಲೆಯಲ್ಲಿ ಒರಗಿಸಿದ್ದ ಸೆಗಣಿ ಬಳಿದ ಬಿದಿರಿನ ತಟ್ಟಿಯಿಂದ ಅದೇ ಹಳೆಯ ವಾಸನೆ ಬಂತು.

ನಾನು ಓದುವಾಗ ತರಗತಿಗಳ ನಡುವೆ ಗೋಡೆಯಿರಲಿಲ್ಲ, ಈ ತಟ್ಟಿಯಿತ್ತು. ಈಚೆ ನಮ್ಮ ಮೂರನೆಯ ತರಗತಿ, ಆಚೆ ನಾಲ್ಕನೆಯದು. ನಮಗೆ ಕಲಿಸುತ್ತಿದ್ದ ಅಕ್ಕೋರು ಮೆಲುದನಿಯವರು. ಆಚೆಯ ಮಾಸ್ತರರ ಕಂಠ ದೊಡ್ಡದು. ಒಮ್ಮೆ ಅವರು ಆಯತದ ಕ್ಷೇತ್ರಫಲ ಕೇಳಿದಾಗ ನಾಲ್ಕನೆಯವರೆಲ್ಲ ಪಾಟಿಯತ್ತ ತಲೆ ಬಗ್ಗಿಸಿದರು. ನಾನು ಈಚೆಯಿಂದ ಉತ್ತರ ಕೂಗಿದೆ. ಮಾಸ್ತರರು ತಟ್ಟಿಯ ಮೇಲಿಂದ ಇಣುಕಿದರು.

“ಏ ಮಾಣಿ, ನಿನ್ನ ಯಾರು ಕೇಳಿದ್ದು? ನಿಮ್ಮ ಅಕ್ಕೋರು ಕಲಿಸಿದ ಹದಿಮೂರರ ಮಗ್ಗಿ ಹೇಳು ನೋಡನ.”

“ಅದು ಬತ್ತಿಲ್ಲೆ. ಇಲ್ಲಿ ನಿಮ್ದೇ ಕೇಳ್ತು, ಮಾಸ್ತರ್ರೆ.”

ಅಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರೋ, ನೊಂದರೋ, ನನಗೆ ಇಂದಿಗೂ ತಿಳಿಯದು.

“ಗೋಡೆ ದಪ್ಪ ಇರ್ಲಿ ಸರ್, ಒಂದು ಕ್ಲಾಸಿನ ಮಾತು ಇನ್ನೊಂದಕ್ಕೆ ಕೇಳ್ಬಾರ್ದು” ಎಂದಿದ್ದಾರೆ ಈಗಿನ ಮುಖ್ಯಾಧ್ಯಾಪಕಿ. ನಾಳೆ ನಕ್ಷೆ ಒಪ್ಪಿಸಬೇಕು. ಆ ಗೋಡೆಯನ್ನು ನಾಲ್ಕು ಸಲ ಎಳೆದು ನಾಲ್ಕು ಸಲವೂ ಅಳಿಸಿದ್ದೇನೆ. ಕ್ಷೇತ್ರಫಲವೇ ನನ್ನ ವೃತ್ತಿಯಾಯಿತು. ಆದರೆ ಕೋಣೆಯ ಅಗಲ ಹದಿಮೂರು ಅಡಿ ಬಂದರೆ ಈಗಲೂ ಕ್ಯಾಲ್ಕುಲೇಟರ್ ಹುಡುಕುತ್ತೇನೆ.