ಚಿಕ್ಕಸ್ವಾಮಿ ಮೇಷ್ಟ್ರು ಪುಸ್ತಕ ಬದಲಿಸಿದ ವರ್ಷ

ನಾಲೆಗೆ ನೀರು ಬಿಟ್ಟು ಹತ್ತು ದಿನವಾಗಿದೆ. ಮೂಗೂರಿನ ಬಯಲಿನಲ್ಲಿ ಆಷಾಢದ ಗಾಳಿ ಇನ್ನೂ ಅಡಗಿಲ್ಲ. ಒಟ್ಲು ಪೈರು ಕೀಳುವವರು ಒಂದು ಕಡೆ, ಕೆಸರಿನಲ್ಲಿ ಬಗ್ಗಿ ನಾಟಿ ಹಾಕುವವರು ಇನ್ನೊಂದು ಕಡೆ. ಕಾಲೇಜಿನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇರುವುದರಿಂದ, ನಿವೃತ್ತಿಗೆ ಒಂದೇ ವಾರ ಉಳಿದಿರುವ ಪ್ರೊಫೆಸರ್ ಚಿಕ್ಕಸ್ವಾಮಿಯವರು ತಮ್ಮ ಗದ್ದೆಯ ಬದುವಿನ ಮೇಲೆ ಪ್ಯಾಂಟು ಮಡಿಚಿಕೊಂಡು ನಿಂತಿದ್ದಾರೆ.

“ಇನ್ನೊಂದ್ ವಾರ ಆದ್ಮೇಲೆ ಕಾಲೇಜ್ ಉಡುಗ್ರು ಬದ್ಲು ನಮ್ಗೇ ಪಾಟ ಏಳಕ್ ಬತ್ತೀರಾ ಅಂತ ಎದ್ರುಕೆ ಆಯ್ತದೆ ಕಣ್ ಮೇಷ್ಟ್ರೇ,” ಎಂದು ನಾಟಿಯ ಸಾಲಿನಿಂದ ದೇವೀರಮ್ಮ ಕೂಗುತ್ತಾಳೆ.

“ನೀನು ಫೇಲಾಗೋ ಪೈಕಿ ಅಲ್ಲ ಬಿಡು ದೇವೀರಮ್ಮ,” ಎನ್ನುತ್ತಾರೆ ಅವರು. ಸಾಲಿನುದ್ದಕ್ಕೂ ನಗು.

ಬಿಸಿ ಎಲ್ಲಿಂದ ಎಲ್ಲಿಗೆ, ಎಷ್ಟು ಬೇಗ ಹರಿಯುತ್ತದೆಂದು ಲೆಕ್ಕ ಹಾಕುವ ಶಾಸ್ತ್ರಕ್ಕೆ ನಮ್ಮ ಎಂಜಿನಿಯರಿಂಗ್ ಮಕ್ಕಳು ಹೀಟ್ ಟ್ರಾನ್ಸ್‌ಫರ್ ಎನ್ನುತ್ತಾರೆ. ನಂಜನಗೂಡು ಸೀಮೆಯಲ್ಲಿ ಆ ಮಾತು ಬಂದರೆ ಅದರ ಬೆನ್ನಿಗೇ ಚಿಕ್ಕಸ್ವಾಮಿಯವರ ಹೆಸರೂ ಬರುತ್ತದೆ. ಮೂವತ್ತನಾಲ್ಕು ವರ್ಷ ಅವರು ಅದೊಂದೇ ವಿಷಯವನ್ನು, ರಾಗಿ ಹೊಲವನ್ನು ವರ್ಷಾವರ್ಷ ಹಸನು ಮಾಡುವವರಂತೆ, ಬೇಸರಿಸದೆ ಉತ್ತರು. ಅವರ ಸಂಶೋಧನಾ ಪ್ರಬಂಧಗಳ ಪಟ್ಟಿ, ಅವರ ನಿವೃತ್ತಿಗೆಂದು ತರುತ್ತಿರುವ ಈ ಗೌರವ ಗ್ರಂಥದ ಕೊನೆಯಲ್ಲಿದೆ. ಪಟ್ಟಿಗೆ ಸೇರದ ಒಂದು ಸಂಗತಿಯನ್ನು ಇಲ್ಲಿ ದಾಖಲಿಸಬೇಕಾಗಿದೆ.

ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುತ್ತಿದ್ದ ಕೆಂಪಯ್ಯನವರ ಮಗ ಅವರು. ಮೈಸೂರಿನಲ್ಲಿ ಓದುವಾಗ ಗ್ರಂಥಾಲಯದಲ್ಲಿದ್ದ ಆ ವಿಷಯದ ಒಂದು ದಪ್ಪನೆಯ ವಿದೇಶಿ ಪುಸ್ತಕವನ್ನು ಮನೆಗೆ ಕೊಡುತ್ತಿರಲಿಲ್ಲವಾಗಿ, ಎರಡು ವರ್ಷ ಕೂತು ಅದರ ಮುಕ್ಕಾಲು ಭಾಗವನ್ನು ಕೈಯಲ್ಲೇ ನಕಲು ಮಾಡಿಕೊಂಡರು. ಕೆಲಸಕ್ಕೆ ಸೇರಿದ ಮೇಲೂ ಆ ನೋಟುಬುಕ್ಕುಗಳು ಅವರ ಬೀರುವಿನ ಮೇಲಟ್ಟದಲ್ಲಿದ್ದವು. ಅದರ ಕೆಳಗಿನ ಖಾನೆಯಲ್ಲಿ ಅರ್ಧ ಡಜನ್ ಕ್ಯಾಲ್ಕುಲೇಟರುಗಳು. ಪರೀಕ್ಷೆಯ ದಿನ ಕ್ಯಾಲ್ಕುಲೇಟರಿಲ್ಲದ ಹುಡುಗರು ಬಂದು ತೆಗೆದುಕೊಂಡು ಹೋಗಬಹುದಿತ್ತು. ಯಾರು ತೆಗೆದುಕೊಂಡರೆಂದು ಅವರು ಕೇಳುತ್ತಿರಲಿಲ್ಲ.

ಕಾಲೇಜು ಸ್ವಾಯತ್ತವಾಗಿ, ಪಠ್ಯಪುಸ್ತಕವನ್ನು ನಾವೇ ಆರಿಸುವ ಅಧಿಕಾರ ಬಂದಾಗ ಅವರು ಹಿಂದುಮುಂದು ನೋಡದೆ ಆ ದಪ್ಪ ಪುಸ್ತಕವನ್ನೇ ಇಟ್ಟರು. ಕಿರಿಯ ಸಹೋದ್ಯೋಗಿ ಪ್ರಸಾದ್, “ನಮ್ಮ ಹುಡುಗರಲ್ಲಿ ಅರ್ಧ ಜನ ಕನ್ನಡ ಮೀಡಿಯಂ ಸರ್. ಪ್ರಶ್ನೋತ್ತರದ ಗೈಡೇ ಸಾಕು,” ಎಂದರೆ, “ಗೈಡು ಓದಿ ಎಂಜಿನಿಯರ್ ಆಗೋದು, ಫೋಟೋ ನೋಡಿ ಊಟ ಮಾಡಿದ ಹಾಗೆ,” ಎಂದು ಬಾಯಿ ಮುಚ್ಚಿಸಿದರು. ಮುಂದಿನ ವರ್ಷಗಳಲ್ಲಿ ಆ ವಿಷಯದಲ್ಲಿ ಫೇಲಾಗುವವರ ಸಂಖ್ಯೆ ಏರಿತು. ಮಕ್ಕಳಿಗೆ ಓದುವ ಶ್ರದ್ಧೆಯಿಲ್ಲವೆಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು.

ಬದನವಾಳಿನ ಮಧುಶ್ರೀ ಹಾಗೆ ಫೇಲಾದವಳು. ಉಳಿದೆಲ್ಲದರಲ್ಲಿ ಮುಂದಿದ್ದ ಹುಡುಗಿ ಅದೊಂದರ ದೆಸೆಯಿಂದ ಒಂದು ವರ್ಷ ಹಿಂದೆ ಬಿದ್ದಳು. ಮರು ವರ್ಷ, ಪುಸ್ತಕದಲ್ಲಿ ಬಿಡಿಸಿ ತೋರಿಸಿದ್ದ ಲೆಕ್ಕಗಳನ್ನೆಲ್ಲ ಮಗ್ಗಿಯಂತೆ ಬಾಯಿಪಾಠ ಮಾಡಿ ಪಾಸಾದಳು. ಕೊನೆಯ ವರ್ಷದ ಮಾರ್ಚಿನಲ್ಲಿ ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯವರು ಸಂದರ್ಶನಕ್ಕೆ ಕರೆದು, ತಮ್ಮ ಷೆಡ್ಡಿನ ಆವಿ ಪೈಪಿಗೆ ಎಷ್ಟು ದಪ್ಪದ ಹೊದಿಕೆ ಬೇಕೆಂದು ಕೇಳಿದರು. ಆಕೆ ಸರಸರ ಲೆಕ್ಕ ಮಾಡಿ ಹೇಳಿದಳು. ಉತ್ತರ ವಿಪರೀತ ದಪ್ಪವಾಗಿತ್ತು.

“ಸುತ್ತಲಿನ ಗಾಳಿ ಎಷ್ಟು ಡಿಗ್ರಿ ಹಿಡಿದೆಯಮ್ಮ?”

“ಮೈನಸ್ ಹತ್ತು ಸಾರ್.”

“ತಾಂಡ್ಯದಲ್ಲಿ ಯಾವತ್ತಮ್ಮ ಹಿಮ ಬಿದ್ದಿದ್ದು?”

ಕೋಣೆಯವರೆಲ್ಲ ನಕ್ಕರು. ಕೆಲಸ ಸಿಗಲಿಲ್ಲ. ಮಧುಶ್ರೀ ಕಾಲೇಜಿಗೆ ಬರುವುದನ್ನೂ ನಿಲ್ಲಿಸಿದಳು. ಅಂತಿಮ ಪರೀಕ್ಷೆಗೆ ಎರಡು ತಿಂಗಳಿತ್ತು.

ಮಕ್ಕಳನ್ನು ಸಂದರ್ಶನಕ್ಕೆ ಕರೆದೊಯ್ದಿದ್ದ ಪ್ರಯೋಗಾಲಯದ ಶಿವಣ್ಣ ಇದನ್ನು ತಮಾಷೆಯಾಗಿಯೇ ವರದಿ ಮಾಡಿದ. ಚಿಕ್ಕಸ್ವಾಮಿಯವರು ನಗಲಿಲ್ಲ. ಆ ಸಂಜೆ ತಮ್ಮ ಪ್ರೀತಿಯ ಪುಸ್ತಕದ ಆ ಅಧ್ಯಾಯವನ್ನು, ಮೊದಲ ಬಾರಿಗೆ ವಿದ್ಯಾರ್ಥಿಯಂತೆ, ತಿರುವಿ ಹಾಕಿದರು. ಬಿಡಿಸಿದ ಲೆಕ್ಕಗಳಲ್ಲೆಲ್ಲ ಹೊರಗೆ ಚಳಿಗಾಲ. ಎಲ್ಲ ಪೈಪುಗಳೂ ಹಿಮದಲ್ಲೇ ಓಡುತ್ತಿದ್ದವು. ಆ ಹುಡುಗಿಯ ಗಣಿತ ತಪ್ಪಿರಲಿಲ್ಲ. ತಾವು ಕೊಟ್ಟ ಪುಸ್ತಕ ಎಲ್ಲಿ ನಿಲ್ಲಿಸಿತ್ತೋ ಅಲ್ಲೇ ನಿಂತು ಲೆಕ್ಕ ಮಾಡಿದ್ದಳು. ಇಷ್ಟು ವರ್ಷ ಅದೇ ಪುಟಗಳನ್ನು ಪಾಠ ಮಾಡಿದ ತಮಗೆ ಅದು ಕಂಡಿರಲೇ ಇಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಭಾನುವಾರ ಬದನವಾಳಿಗೆ ಹೋದರು. ಮಧುಶ್ರೀಯ ತಾಯಿ ರಾಚಮ್ಮ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲುವವರು. ಮೇಷ್ಟ್ರಿಗೆ ಚಾಪೆ ಹಾಸಿ, ನೀರು ಕೊಟ್ಟು, ಆಮೇಲೆ ಬಾಯಿಬಿಟ್ಟರು: “ಏನ್ ಸಾ, ಮಂಜುಗಡ್ಡೆ ದೇಸದ್ ಪುಸ್ತಕ ಕೊಟ್ಬುಟ್ಟು ನಮ್ಮುಡುಗೀನ ಬೆವರ್ಸ್‌ಬುಟ್ರಲ್ಲ!”

“ಪುಸ್ತಕ ಆರಿಸಿದ್ದು ನಾನು ತಾಯಿ. ತಪ್ಪು ನನ್ನದು,” ಎಂದರು ಚಿಕ್ಕಸ್ವಾಮಿಯವರು. ರಾಚಮ್ಮ ಬೈಗುಳ ಬಿಟ್ಟು ಕಾಫಿಗೆ ಒಲೆಯ ಮುಂದೆ ಹೋಗಿ ಕೂತರು.

ಬಾಗಿಲ ಮರೆಯಲ್ಲಿದ್ದ ಮಧುಶ್ರೀಗೆ ಕೇಳುವಂತೆ ಮೇಷ್ಟ್ರು ಹೇಳಿದರು: “ಪರೀಕ್ಷೆ ಬರಿ. ಆಮೇಲೆ ಬೇರೆ ಪುಸ್ತಕ ಆರಿಸಬೇಕು, ನಿನ್ನ ಸಹಾಯ ಬೇಕು.”

“ಒಂದ್ಸಲ ಫೇಲಾದೋಳು ನಾನು ಸಾರ್.”

“ಅದಕ್ಕೇ ಕೇಳ್ತಿರೋದು.”

ಆಕೆ ಮರುದಿನ ಬಂದಳು, ಪರೀಕ್ಷೆಯನ್ನೂ ಬರೆದಳು. ಆ ಬೇಸಿಗೆಯಲ್ಲಿ ನಡೆದ ಪುಸ್ತಕದ ಆಯ್ಕೆ ಹೀಗಿತ್ತು. ಫೇಲಾಗಿದ್ದವರು, ಅಂಚಿನಲ್ಲಿ ಪಾಸಾದವರು, ಒಟ್ಟು ಆರು ಮಂದಿ. ನಾಲ್ಕು ಪುಸ್ತಕಗಳು ಸರದಿಯ ಮೇಲೆ ಅವರ ಮನೆಗಳಿಗೆ ಹೋದವು. ಓದು ಎಲ್ಲಿ ನಿಂತಿತೋ ಆ ಪುಟದಲ್ಲಿ ಅವತ್ತಿನ ಬಸ್ ಟಿಕೆಟ್ಟು ಇಟ್ಟು, ಯಾಕೆ ನಿಂತಿತೆಂದು ಅದರ ಬೆನ್ನಿನಲ್ಲಿ ಬರೆಯಬೇಕು. ಹುಡುಗಿಯರ ಸೊನ್ನೆ ರೂಪಾಯಿ ಟಿಕೆಟ್ಟುಗಳೇ ಹೆಚ್ಚು. ‘ಪದ ಗೊತ್ತಿಲ್ಲ’ ಎಂದು ಒಂದರಲ್ಲಿ, ‘ಯಾಕೆ ಗುಣಿಸಿದ್ರು?’ ಎಂದು ಇನ್ನೊಂದರಲ್ಲಿ, ‘ನಿದ್ದೆ’ ಎಂದು ಮೂರರಲ್ಲಿ. ದಪ್ಪ ಪುಸ್ತಕದ ಟಿಕೆಟ್ಟುಗಳೆಲ್ಲ ಮೊದಲ ಮೂವತ್ತು ಪುಟದೊಳಗೇ ಕಂತೆಯಾಗಿ ಕೂತಿದ್ದವು. ಪ್ರಸಾದರ ಗೈಡಿನಲ್ಲಿ ಒಂದೂ ಇರಲಿಲ್ಲ, ಎಲ್ಲರೂ ಕೊನೆಮುಟ್ಟಿದ್ದರು. ಆದರೆ ಅದೇ ಲೆಕ್ಕದ ಪೈಪನ್ನು ತಾಮ್ರದಿಂದ ಕಬ್ಬಿಣಕ್ಕೆ ಬದಲಿಸಿ ಕೇಳಿದರೆ ಆರು ಮಂದಿಯೂ ಗೈಡಿನ ತಾಮ್ರದ ಉತ್ತರವನ್ನೇ ಮತ್ತೆ ಬರೆದರು. “ನಮ್ದೂ ಹಂಗೇ ಆಯ್ತಲ್ಲ ಸರ್,” ಎಂದು ಪ್ರಸಾದರೇ ನಕ್ಕುಬಿಟ್ಟರು.

ಕೊನೆಗೆ ಉಳಿದದ್ದು ನಮ್ಮ ದೇಶದವರೇ ಬರೆದ, ಹದವಾದ ಗಾತ್ರದ, ಹೆಸರುವಾಸಿಯಲ್ಲದ ಒಂದು ಪುಸ್ತಕ. ಅದರಲ್ಲೂ ಟಿಕೆಟ್ಟುಗಳಿದ್ದವು, ಆದರೆ ದೂರದೂರ ಚದುರಿದ್ದವು. ನಿಂತವರು ಮತ್ತೆ ಎದ್ದು ನಡೆದಿದ್ದರು. ಜೊತೆಗೆ ಊರಿನ ಲೆಕ್ಕಗಳ ಒಂದು ತೆಳು ಪುಸ್ತಿಕೆ ಬರೆಯುವುದೆಂದಾಯಿತು. ಡೇರಿಯಲ್ಲಿ ಹಾಲು ತಣಿಸುವ ತೊಟ್ಟಿ, ಭತ್ತ ಬೇಯಿಸುವ ಮಿಲ್ಲು, ಮೂವತ್ತೆಂಟು ಡಿಗ್ರಿಯ ತಾಂಡ್ಯದ ಷೆಡ್ಡು ಅದರೊಳಗೆ ಬಂದವು.

ಅಧ್ಯಯನ ಮಂಡಳಿಯ ಸಭೆಯಲ್ಲಿ ಹೊರಗಿನಿಂದ ಬಂದ ಸದಸ್ಯರೊಬ್ಬರು ಮಟ್ಟ ಇಳಿಯಿತೆಂದು ಆಕ್ಷೇಪಿಸಿದರು. ಚಿಕ್ಕಸ್ವಾಮಿಯವರು ವಾದಿಸಲಿಲ್ಲ, ‘ಹಿಂದಿನ ಪುಸ್ತಕವನ್ನು ನಾನು ನನ್ನ ಅಭಿಮಾನಕ್ಕಾಗಿ ಆರಿಸಿದ್ದೆ, ಅದರಿಂದ ವಿದ್ಯಾರ್ಥಿಗಳಿಗೆ ನಷ್ಟವಾಗಿದೆ’ ಎಂದು ನಡಾವಳಿಯಲ್ಲಿ ಬರೆಯಿರಿ ಎಂದರು. ಬರೆದುಕೊಳ್ಳುತ್ತಿದ್ದ ಪ್ರಸಾದರ ಕೈ ನಿಂತಿತು. “ಬೇಡಿ ಸರ್, ರಿಟೈರ್ ಆಗೋಕೆ ಒಂದೇ ವರ್ಷ ಇದೆ.” ಮೇಷ್ಟ್ರು ಪೆನ್ನು ಈಸಿಕೊಂಡು ತಾವೇ ಬರೆದು ರುಜು ಮಾಡಿದರು. ಕಾಲೇಜಿನ ದಾಖಲೆಯಲ್ಲಿ ಆ ಸಾಲು ಇಂದಿಗೂ ಇದೆ. ಪುಸ್ತಕದ ಬದಲಾವಣೆಗೆ ಆಮೇಲೆ ಯಾರೂ ಅಡ್ಡ ಬರಲಿಲ್ಲ.

ಮಧುಶ್ರೀ ಈಗ ಮೈಸೂರಿನ ಒಂದು ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿದ್ದಾಳೆ. ಕಳೆದ ವಾರ ಗುರುಗಳನ್ನು ನೋಡಲು ಬಂದಿದ್ದಳು. ಖಾಲಿಯಾಗುತ್ತಿದ್ದ ಬೀರುವಿನ ಮುಂದೆ ಕೂತು ಅವರೆಂದರು: “ನಿನ್ನದೊಂದು ವರ್ಷ ನನ್ನ ಮೇಲೆ ಸಾಲವಾಗಿ ಉಳೀತು ಕಣಮ್ಮ.”

ಹಾಗೇನಿಲ್ಲ ಎಂಬ ಉಪಚಾರದ ಮಾತನ್ನು ಆಕೆ ಆಡಲಿಲ್ಲ. “ಊಂ ಸಾರ್, ಉಳೀತು. ನನ್ ಜೊತೆಯೋರೆಲ್ಲ ಒಂದ್ ವರ್ಷ ಮುಂದವ್ರೆ. ಅದ ನೀವ್ ಕೊಡಕ್ಕೂ ಆಗಲ್ಲ, ನಾನ್ ಈಸ್ಕಳಕ್ಕೂ ಆಗಲ್ಲ.” ಊರಿನ ಲೆಕ್ಕಗಳ ಪುಸ್ತಿಕೆಯನ್ನು ಕೈಗೆತ್ತಿಕೊಂಡು ತಿರುವುತ್ತ ಸೇರಿಸಿದಳು: “ಕುದಿಯೋದರ ಪಾಠಕ್ಕೆ ನೀವಿನ್ನೂ ಒಂದ್ ಲೆಕ್ಕಾನೂ ಬರ್ದಿಲ್ಲ. ಅದ ಬರೀರಿ. ಮುಂದಿನೋರಿಗೆ ಆಯ್ತದೆ.”

“ಬರೀತೀನಿ,” ಎಂದರು ಚಿಕ್ಕಸ್ವಾಮಿಯವರು. “ತಪ್ಪಿದ್ರೆ ನೀನೇ ತಿದ್ದು.”

ಗೌರವ ಗ್ರಂಥಗಳಲ್ಲಿ ಎಲ್ಲ ಋಣಗಳೂ ತೀರಿದಂತೆ ಬರೆಯುವುದು ವಾಡಿಕೆ. ಈ ಋಣ ತೀರಿಲ್ಲ. ತೀರಿತೆಂದು ಗುರುಗಳೂ ಹೇಳಿಕೊಂಡಿಲ್ಲ. ಅವರ ಕಣ್ಣು, ಕೈ, ಹಟ ಮೂರೂ ಗಟ್ಟಿಯಾಗಿರಲಿ. ಕುದಿಯುವ ಪಾಠ ಮುಗಿದು ಇನ್ನೊಂದು ಹಿಡಿಯುವಷ್ಟು, ಅದೂ ಮುಗಿದು ಮತ್ತೊಂದಕ್ಕೆ ಕೂರುವಷ್ಟು ಆಯುಸ್ಸು ಅವರಿಗಿರಲಿ. ತಿದ್ದಲು ಮಧುಶ್ರೀಗೆ ಪುರುಸೊತ್ತಿರಲಿ.