ಶಾಲುಬಾಯಿಯನ್ನು ಹುಡುಕಿದ ಜಿಜಾಬಾಯಿ

ಕಾಗದದ ಪ್ರಕಾರ ನಾನು ಜಿಜಾಬಾಯಿಯ ಮೇಲಧಿಕಾರಿ. ನಿಜ ಸಂಗತಿ ಬೇರೆ. ಅವಳು ಬೈಯುತ್ತಿದ್ದಳು, ನಾನು ಕೇಳುತ್ತಿದ್ದೆ.

ನಾನು ಭಾಲ್ಕಿಯ ಬಸವಣ್ಣೆಪ್ಪ, ಬೀದರಿನ ಒಂದು ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವನು. ಅಲ್ಲಿ ಡಾಕ್ಟರ್ ವಹೀದಾ ಮೇಡಂ ಲಿವರಿನ ರೋಗದ ಮೇಲೆ, ಅದನ್ನು ತಡೆಯುವ ದೇಹದ ಶಕ್ತಿಯ ಮೇಲೆ ಸಂಶೋಧನೆ ನಡೆಸಿದ್ದರು. ಹನ್ನೆರಡು ವರ್ಷದ ಹಿಂದೆ ಔರಾದ ಕಡೆಯ ಶಾಲೆಗಳಲ್ಲಿ ಇನ್ನೂರು ಹುಡುಗಿಯರಿಗೆ ಕಾಮಾಲೆ ತಡೆಯುವ ಸೂಜಿ ಹಾಕಿದ್ದರು, ತಲಾ ಮೂರು. ಆ ಸೂಜಿ ಕಲಿಸಿದ ಪಾಠ ಮೈಗೆ ಇನ್ನೂ ನೆನಪಿದೆಯೇ, ಮತ್ತೊಮ್ಮೆ ಚುಚ್ಚಬೇಕೇ? ಇದು ಮೇಡಂ ಅವರ ಪ್ರಶ್ನೆ. ಆ ಹುಡುಗಿಯರನ್ನೆಲ್ಲ ಹುಡುಕಿ ಕರೆತರುವ ಕೆಲಸ ಕಮಲನಗರದ ಜಿಜಾಬಾಯಿಯದು. ಏಳನೇ ತರಗತಿ ಓದಿದವಳು. ಕನ್ನಡದಲ್ಲಿ ಮಾತು ಶುರು ಮಾಡಿ ಮರಾಠಿಯಲ್ಲಿ ಜಗಳ ಮುಗಿಸುವವಳು.

ಪ್ರಶ್ನೆ ಒಳ್ಳೆಯದೇ, ಆದರೆ ಕಾಲ ಕೆಟ್ಟಿತ್ತು. 2016ನೇ ಇಸವಿ. ಮಳೆ ಕೈಕೊಟ್ಟು ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ಜನ ಹೈದರಾಬಾದಿಗೋ ಪುಣೆಗೋ ಕೂಲಿಗೆ ಹೋಗಿದ್ದರು. ಅರವತ್ತು ಹುಡುಗಿಯರು ಸಿಗಲೇ ಇಲ್ಲ. ಅವರ ಹೆಸರಿನ ಮುಂದೆ ನಾನು ಕೆಂಪು ಪೆನ್ನಿನಲ್ಲಿ 'ಪತ್ತೆ ಇಲ್ಲ' ಎಂದು ಬರೆಯುತ್ತ ಹೋದೆ.

ಅರವತ್ತೊಂದನೆಯ ಹೆಸರು ಶಾಲುಬಾಯಿ. ಸಂಕ್ರಾಂತಿಗೆ ಕಮಲನಗರದ ಬಳಿಯ ತವರಿಗೆ ಬಂದಿದ್ದ ಎಂಟು ತಿಂಗಳ ಬಸುರಿ, ನಮ್ಮ ಶಿಬಿರದಲ್ಲಿ ರಕ್ತ ಕೊಟ್ಟು ಹೋಗಿದ್ದಳು. ಸೂಜಿ ಹಾಕುವ ವರ್ಷ ಅವಳ ಮನೆಯವರು ದುಡಿಯಲು ಊರು ಬಿಟ್ಟಿದ್ದರಿಂದ ಮೂರರಲ್ಲಿ ಒಂದೇ ಸೂಜಿ ಬಿದ್ದಿತ್ತು. ಈಗ ಅವಳ ರಕ್ತದಲ್ಲಿ ಆ ಕಾಮಾಲೆಯ ವೈರಸ್ ಇತ್ತು. ಹೆರಿಗೆಯಾದ ಒಂದು ದಿನದೊಳಗೆ ಕೂಸಿಗೆ ಸೂಜಿ ಹಾಕದಿದ್ದರೆ ತಾಯಿಯ ಬೇನೆ ಕೂಸಿಗೂ ಹತ್ತಿ, ಜೀವನಪೂರ್ತಿ ಲಿವರನ್ನು ತಿನ್ನಬಹುದು. ತವರುಮನೆಗೆ ಬೀಗ. ಭಾಲ್ಕಿ ತಾಲೂಕಿನ ಗಂಡನ ಊರಿಗೆ ಫೋನ್ ಮಾಡಿದೆ. ಆ ಹೆಸರಿನ ಸೊಸೆ ನಮ್ಮೂರಲ್ಲಿಲ್ಲ ಎಂದರು. ನಾನು ಕೆಂಪು ಪೆನ್ನು ತೆಗೆದೆ.

"ಏನ್ ಬರೀಲಿಕತ್ತೀರಿ ಸರ್?" ಜಿಜಾಬಾಯಿ ಬಾಗಿಲಲ್ಲೇ ನಿಂತಿದ್ದಳು.

"ಇಲ್ಲ ಅಂತಾರವ್ವ, ನಾ ಏನ್ ಮಾಡ್ಲಿ?"

"ಮದಿವ್ಯಾಗ ತಾಟಿನ ಅಕ್ಕಿ ಮ್ಯಾಲ ಸೊಸಿದು ಹೊಸಾ ಹೆಸರ ಬರೀತಾರಲ್ರಿ? ಆಮ್ಯಾಲ ಹಳೀ ಹೆಸರ ಯಾರ್ ಕರೀತಾರ? ನಾನೂ ತವರಮನ್ಯಾಗ ಸಖೂಬಾಯಿನೇ ಇದ್ದೆ. ಹೋಗ್ಲಿ, ನಿಮ್ಮ ಮನಿಯವ್ರ ಹೆಸರ ಯಾರ್ ಬದಲಿ ಮಾಡಿದ್ರು?"

ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ನನ್ನ ಹೆಂಡತಿ ಲಲಿತಾಬಾಯಿ ತವರಿನಲ್ಲಿ ನಾಗಮ್ಮ. ಹೆಸರು ಬದಲಿಸಿದ ಮಹಾನುಭಾವ ನಾನೇ. ಅರವತ್ತು ಹುಡುಗಿಯರನ್ನು ಶಾಲೆಯ ಹಾಜರಿಯ ಹೆಸರಿನಲ್ಲಿ ಗಂಡನ ಊರುಗಳಲ್ಲಿ ಹುಡುಕಿಸಿದವನೂ ನಾನೇ. ನಾಚಿಕೆಯಾಯಿತು.

ಅಂದೇ ಜಿಜಾಬಾಯಿ ಒಂದು ಡಜನ್ ಹಸಿರು ಬಳೆ, ಒಂದು ಕುಪ್ಪಸದ ಖಣ ತೆಗೆದುಕೊಂಡು ಭಾಲ್ಕಿ ಬಸ್ಸು ಹತ್ತಿದಳು. ಬೇನೆಯ ಮಾತು ಯಾರ ಮುಂದೆಯೂ ಎತ್ತಲಿಲ್ಲ. ಹೆಸರನ್ನೂ ಕೇಳಲಿಲ್ಲ. "ಕಮಲನಗರ ಕಡಿಂದ ತಂದ ಸೊಸಿ, ಬಸರಿ ಇದ್ದಾಳಲ್ಲ, ಅಕಿಗಿ ಬಳಿ ಇಡಸಬೇಕಾಗ್ಯಾದ್ರಿ" ಎಂದಳಷ್ಟೇ. ಊರಿಗೆ ಊರೇ ದಾರಿ ತೋರಿಸಿತು. ಅಲ್ಲಿ ಅವಳ ಹೆಸರು ಪೂಜಾ. ಗಂಡ ಗೋರಖನಾಥನ ಜೊತೆ ಕಟ್ಟಡದ ಕೆಲಸಕ್ಕೆ ಬೀದರಿಗೆ ಹೋಗಿದ್ದಾಳೆ, ಮೈಲೂರಿನಲ್ಲಿದ್ದಾಳೆ ಎಂದರು.

ಮೈಲೂರು ನನ್ನ ಪ್ರಯೋಗಾಲಯದಿಂದ ಚಹಾ ಕುಡಿದು ಬರುವಷ್ಟು ದೂರ! ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ ಅಂದಂತಾಯಿತು.

ಮರುದಿನವೇ ಜಿಜಾಬಾಯಿ ಶಾಲುಬಾಯಿಯನ್ನು ಮೇಡಂ ಹತ್ತಿರ ಕರೆತಂದಳು. ಹನ್ನೊಂದು ದಿನದ ಮೇಲೆ ಅವಳಿಗೆ ಬೀದರಿನ ಆಸ್ಪತ್ರೆಯಲ್ಲಿ ಹೆಣ್ಣು ಹುಟ್ಟಿತು. ಮೇಡಂ ತಾವೇ ಮುಂದೆ ನಿಂತು ಎರಡು ಗಂಟೆಯೊಳಗೆ ಕೂಸಿಗೆ ಬೇಕಾದ ಸೂಜಿ ಎರಡನ್ನೂ ಹಾಕಿಸಿದರು. ಆಮೇಲೆ ಜಿಜಾಬಾಯಿ ಆ ಅರವತ್ತು ಹೆಸರುಗಳ ಬೆನ್ನು ಹತ್ತಿ ನಲವತ್ತೇಳು ಜನರನ್ನು ಹುಡುಕಿದಳು. ಮೂರೂ ಸೂಜಿ ಬಿದ್ದವರಲ್ಲಿ ಬಹುತೇಕ ಎಲ್ಲರ ಮೈಗೂ ಪಾಠ ನೆನಪಿತ್ತು, ಮತ್ತೆ ಚುಚ್ಚುವ ಅಗತ್ಯವಿರಲಿಲ್ಲ. ಮೇಡಂ ಅವರ ಬರಹ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬಸುರಿಯರ ಫಾರಮಿನಲ್ಲಿ 'ತವರಿನ ಹೆಸರು' ಎಂಬ ಹೊಸ ಕಾಲಂ ಬಂತು. ನನ್ನನ್ನು ಕೇಳಿದರೆ ಸಂಶೋಧನೆಯ ಅರ್ಧ ಫಲ ಆ ಕಾಲಮ್ಮಿನಲ್ಲೇ ಇದೆ.

ಆದರೆ ಕೂಸಿನ ವಿಷಯ ಬಾಕಿಯಿತ್ತು. ವರ್ಷ ತುಂಬಿದ ಮೇಲೆ ಅದರ ರಕ್ತವನ್ನು ನಾನೇ ಪರೀಕ್ಷಿಸಿದೆ. ಒಮ್ಮೆ ನೋಡಿ ಸಮಾಧಾನವಾಗದೆ ಮತ್ತೊಮ್ಮೆ ನೋಡಿದೆ. ಹೊರಗೆ ಬೆಂಚಿನ ಮೇಲೆ ಶಾಲುಬಾಯಿ, ಪಕ್ಕದಲ್ಲಿ ಜಿಜಾಬಾಯಿ, ಎದುರಿಗೆ ಮೇಡಂ.

"ಬ್ಯಾನಿ ಇಲ್ಲವ್ವ," ಎಂದೆ. "ಕೂಸು ಗಟ್ಟಿ ಅದ."

ಶಾಲುಬಾಯಿ ನನ್ನನ್ನು ನೋಡಿದಳು, ಮೇಡಂ ಅವರನ್ನು ನೋಡಿದಳು. "ಹಂಗಾರ ಈಗ ಇದಕ್ಕ ಮುದ್ದ ಕೊಡಬಹುದೇನ್ರಿ?"

ಮೇಡಂ ಎದ್ದೇ ನಿಂತರು. "ಏನಂದಿ? ವರ್ಷ ಆಯ್ತು, ಕೊಟ್ಟೇ ಇಲ್ಲೇನು? ಹಾಲ ಕುಡಸು, ಮುದ್ದ ಮಾಡು, ಏನೂ ಆಗಂಗಿಲ್ಲ ಅಂತ ಮೊದಲನೇ ದಿನಾನೇ ಹೇಳೇನಲ್ಲಮ್ಮ!"

"ಹಾಲ ಕುಡಸೀನ್ರಿ. ಬಾಯಿ ಹಚ್ಚಲಿಕ್ಕ ಧೈರ್ಯ ಆಗ್ಲಿಲ್ರಿ."

ಎಲ್ಲರನ್ನೂ ಬೈಯುವ ಜಿಜಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಾಲುಬಾಯಿ ಕೂಸಿನ ಕೆನ್ನೆಗೆ ತುಟಿ ಒತ್ತಿದಳು. ಅಭ್ಯಾಸವಿಲ್ಲದ ಕೂಸು ಬೆಚ್ಚಿ, ಎರಡೂ ಕೈಯಿಂದ ತಾಯಿಯ ಮುಖವನ್ನು ದೂರ ತಳ್ಳಿತು. ಅವಳು ಗಟ್ಟಿಯಾಗಿ ನಕ್ಕು, ಆ ಕೈಗಳಿಗೂ ಒಂದೊಂದು ಮುತ್ತು ಕೊಟ್ಟಳು.